ಕಾಗಿಣಾ ತೀರದಲ್ಲಿ ವೈದ್ಯರ ಪಟ್ಟಿ

ಕಲಬುರಗಿ ಜಿಲ್ಲೆಯಲ್ಲಿ ಚಿಂಚೋಳಿಯ ಕೆಮ್ಮಣ್ಣಿನ ಗುಡ್ಡಗಳಿಂದ ಮೊದಲಾಗಿ, ಸೇಡಂ ಚಿತ್ತಾಪುರಗಳ ಎರೆನೆಲವನ್ನು ಹಾಯ್ದು, ಶಹಾಬಾದ ವಾಡಿಗಳ ಕಲ್ಲಿನ ಖಣಿಗಳವರೆಗೆ ಹಬ್ಬಿರುವ ಸೀಮೆಯು, ಮೇಲ್ನೋಟಕ್ಕೆ ತೊಗರಿ ಜೋಳಗಳ ಒಣಬೇಸಾಯದ ನಾಡಾಗಿ ತೋರಿದರೂ, ಕಳೆದ ನೂರೈವತ್ತು ವರ್ಷಗಳ ಅದರ ಚರಿತ್ರೆಯನ್ನು ಬರೆಯಿಸಿದುದು ನೆಲದ ಮೇಲಣ ಬೆಳೆಗಿಂತ ಹೆಚ್ಚಾಗಿ ನೆಲದಡಿಯ ಸುಣ್ಣಕಲ್ಲು. ಹಾಳೆ ಹಾಳೆಯಾಗಿ ಎದ್ದುಬರುವ ಆ ಕಲ್ಲು ಶಹಾಬಾದ ಫರಸಿಯೆಂಬ ಹೆಸರಿನಿಂದ ದಖ್ಖನ್ನಿನ ಅಸಂಖ್ಯಾತ ಮನೆಗಳ ಪಡಸಾಲೆಗೆ ಹಾಸುಗಲ್ಲಾಯಿತು. ಸುಟ್ಟು ಪುಡಿಯಾದಾಗ ಸಿಮೆಂಟಾಯಿತು. ಸಿಮೆಂಟಿನ ಹಿಂದೆಯೇ ಕಾಲೊನಿ, ಶಾಲೆ, ದವಾಖಾನೆಗಳು ಬಂದುವು. ಹೀಗೆ ಕಲ್ಲನ್ನು ಹಿಂಬಾಲಿಸಿ ಬಂದ ವೈದ್ಯನು ಯಾರಿಗೆ ದೊರೆತನು, ಎಷ್ಟು ಕಾಲ ದೊರೆತನು, ದುಡಿಯುವ ತೋಳು ಸೋತ ಮೇಲೆ ಯಾರಿಗೆ ದೊರೆಯದೆ ಹೋದನು ಎಂಬ ವೃತ್ತಾಂತವು ಈ ಐದು ಊರುಗಳ ಇತಿಹಾಸದಲ್ಲಿ ಸಣ್ಣ ಅಧ್ಯಾಯವೇನೂ ಅಲ್ಲ.

ಆರೋಗ್ಯ ವಿಮೆಯಲ್ಲಿ ಎರಡು ವಾಗ್ದಾನಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಇಷ್ಟು ರೂಪಾಯಿಯವರೆಗಿನ ಚಿಕಿತ್ಸೆಯ ವೆಚ್ಚವನ್ನು ಭರಿಸುತ್ತೇವೆಂಬುದು ಮೊದಲನೆಯದು. ಇಂಥಿಂಥ ಊರಿನ ಇಂಥಿಂಥ ವೈದ್ಯರಲ್ಲಿ ಆ ಚಿಕಿತ್ಸೆ ದೊರೆಯುತ್ತದೆಂಬುದು ಎರಡನೆಯದು. ಮೊದಲನೆಯದನ್ನು ಕಾರ್ಡಿನ ಮೇಲೆ ದಪ್ಪಕ್ಷರಗಳಲ್ಲಿ ಮುದ್ರಿಸುತ್ತಾರೆ, ಮಂತ್ರಿಗಳು ಭಾಷಣಗಳಲ್ಲಿ ಸಾರುತ್ತಾರೆ. ಎರಡನೆಯದು ಕಚೇರಿಯ ಕಡತದಲ್ಲಿ ಪಟ್ಟಿಯ ರೂಪದಲ್ಲಿದ್ದು, ಯಾರಿಗೂ ತಿಳಿಯದಂತೆ ಬೆಳೆಯುತ್ತದೆ, ಯಾರಿಗೂ ತಿಳಿಯದಂತೆ ಕುಗ್ಗುತ್ತದೆ. ಪ್ರಾಯದವನಿಗೆ ಪಟ್ಟಿಯಲ್ಲಿರುವ ಆಸ್ಪತ್ರೆ ಎಪ್ಪತ್ತು ಮೈಲಿ ದೂರವಿದ್ದರೂ ಅದು ಒಂದು ದಿನದ ಪ್ರಯಾಣ. ಎಪ್ಪತ್ತು ವರ್ಷದವನಿಗೆ ಅದು ಇಲ್ಲದ ಆಸ್ಪತ್ರೆ. ಆದುದರಿಂದ ವಿಮೆಯ ಚರಿತ್ರೆಯನ್ನು ಮೊತ್ತದಿಂದ ಅಳೆಯದೆ ಪಟ್ಟಿಯಿಂದ ಅಳೆಯುವುದೇ, ವೃದ್ಧರ ಮಟ್ಟಿಗಾದರೂ, ನ್ಯಾಯವಾದ ಕ್ರಮವೆಂದು ತೋರುತ್ತದೆ.

ಈ ಸೀಮೆಗೆ ವೈದ್ಯವಿದ್ಯೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡವು ಮಾನ್ಯಖೇಟವೆಂಬ ಹೆಸರಿನಿಂದ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ, 9ನೆಯ ಶತಮಾನದಲ್ಲಿ, ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿದ ಜೈನಾಚಾರ್ಯ ಉಗ್ರಾದಿತ್ಯನು ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಎದುರು ಮಾಂಸಾಹಾರದ ನಿಷ್ಪ್ರಯೋಜಕತೆಯನ್ನು ಪ್ರತಿಪಾದಿಸಿದನೆಂದು ಆ ಗ್ರಂಥದಿಂದಲೇ ತಿಳಿಯುತ್ತದೆ, ಆ ನೃಪತುಂಗನು ‘ಕವಿರಾಜಮಾರ್ಗ’ದ ಕಾಲದ ಅಮೋಘವರ್ಷನೇ ಎಂಬುದು ವಿದ್ವಾಂಸರ ಸಾಮಾನ್ಯವಾದ ಅಭಿಪ್ರಾಯ. ಅರಸನ ಸಭೆಯಲ್ಲಿ ವೈದ್ಯಶಾಸ್ತ್ರದ ಚರ್ಚೆ ನಡೆದ ಆ ಊರಿನಲ್ಲಿ ಇಂದು ಕಾಗಿಣಾ ನದಿಯ ದಂಡೆಯ ಮೇಲೆ ಕೋಟೆಯ ಅವಶೇಷವೂ, ಅಲ್ಲಿಂದ ಕಣ್ಣಳತೆಯ ದೂರದಲ್ಲಿ ಸಿಮೆಂಟಿನ ಚಿಮಣಿಗಳೂ ಇವೆ. ಅರಮನೆಯ ವೈದ್ಯ ಅರಮನೆಯವರಿಗಾಗಿ ಇದ್ದನು. ಉಳಿದವರು ಶತಮಾನಗಳ ಉದ್ದಕ್ಕೂ ಊರಿನ ನಾಟಿವೈದ್ಯರನ್ನೂ, ಮುಂದೆ ಬಹಮನಿ ಮತ್ತು ನಿಜಾಮರ ಆಳ್ವಿಕೆಗಳಲ್ಲಿ ಯುನಾನಿ ಹಕೀಮರನ್ನೂ, ಚಿಂಚೋಳಿಯ ತಾಂಡಾಗಳಲ್ಲಿ ಬೇರು ನಾರು ಬಲ್ಲ ಹಿರಿಯರನ್ನೂ ನಂಬಿಕೊಂಡು ಬಾಳಿದರು. ಆ ಚಿಕಿತ್ಸೆಯ ಗುಣದೋಷಗಳೇನೇ ಇರಲಿ, ಅದಕ್ಕೆ ಪಟ್ಟಿಯೆಂಬುದಿರಲಿಲ್ಲ. ಬಲ್ಲವನು ಊರಿನಲ್ಲಿದ್ದರೆ ಇದ್ದನು, ಇಲ್ಲದಿದ್ದರೆ ಇಲ್ಲ.

ಪಟ್ಟಿಯ ಮೊದಲ ರೂಪವನ್ನು ಇಲ್ಲಿಗೆ ತಂದುದು ರೈಲು. ಮುಂಬಯಿಯಿಂದ ರಾಯಚೂರಿನವರೆಗಿನ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ಪೂರ್ಣವಾಯಿತು; ಅದರ ಮೇಲಣ ವಾಡಿಯಿಂದ ಕವಲೊಡೆದು ಚಿತ್ತಾಪುರ, ಸೇಡಂ, ತಾಂಡೂರುಗಳ ಮೂಲಕ ಸಿಕಂದರಾಬಾದಿಗೆ ಹೋಗುವ ನಿಜಾಮರ ರೈಲುಮಾರ್ಗ 1874ರಲ್ಲಿ ಸಂಚಾರಕ್ಕೆ ತೆರೆಯಿತು. ಬಯಲಿನ ನಡುವಣ ವಾಡಿ ಜಂಕ್ಷನ್ನಾಯಿತು. ರೈಲ್ವೆಯ ನೌಕರನಿಗೆ ಕಾಯಿಲೆಯಾದರೆ ನೋಡುವ ವೈದ್ಯನು ನೇಮಕಗೊಂಡವನಾಗಿದ್ದು, ಅವನ ಸೇವೆಯನ್ನು ಪಡೆಯುವುದು ದಾನವಾಗಿರದೆ ನೌಕರಿಯ ಹಕ್ಕಾಗಿತ್ತೆಂಬ ಸಂಗತಿ ಈ ಸೀಮೆಗೆ ಹೊಸ ವಿಚಾರ. ಆ ಹಕ್ಕು ನೌಕರಿಯೊಡನೆ ಮುಗಿಯಬಾರದೆಂಬ ವಿಚಾರವು ಬಹು ತಡವಾಗಿ, ಹಂತಹಂತವಾಗಿ ರೂಪುಗೊಂಡಿತು. ನಿವೃತ್ತರಾಗುವಾಗ ಒಂದು ಸಲ ಹಣ ಕಟ್ಟಿ ಜೀವಮಾನವಿಡೀ ರೈಲ್ವೆಯ ವೈದ್ಯಸೇವೆಯನ್ನು ಪಡೆಯುವ ಯೋಜನೆ ಇಂದಿನ ರೂಪಕ್ಕೆ ಬಂದುದು 1997ರಲ್ಲಿ. ಇಂದಿಗೂ ವಾಡಿಯಲ್ಲಿ ನೆಲಸಿದ ನಿವೃತ್ತ ರೈಲ್ವೆ ನೌಕರನಿಗೆ ದೊಡ್ಡ ಕಾಯಿಲೆ ಬಂದರೆ ಅವನ ದಾರಿ ಸೇವೆ ಸಲ್ಲಿಸಿದ ವಿಭಾಗದ ಪ್ರಕಾರ ಸೊಲ್ಲಾಪುರದ ಕಡೆಗೋ ಸಿಕಂದರಾಬಾದಿನ ಲಾಲಾಗುಡದ ಕಡೆಗೋ ತಿರುಗುತ್ತದೆ. ರೋಗ ಒಂದೇ ಆದರೂ ಅವನನ್ನು ಯಾವ ಊರಿನ ವೈದ್ಯ ನೋಡಬೇಕೆಂಬುದನ್ನು ಎಂದೋ ಎಳೆದ ಹಳಿಗಳು ನಿಶ್ಚಯಿಸುತ್ತವೆ.

ಹಳಿಯ ಬೆನ್ನಿಗೆ ಕಾರ್ಖಾನೆ ಬಂತು. 1920ರ ದಶಕದಲ್ಲಿ ಶಹಾಬಾದದಲ್ಲಿ ಆರಂಭವಾದ ಸಿಮೆಂಟ್ ಕಂಪೆನಿಯು, 1936ರಲ್ಲಿ ಹಲವು ಕಂಪೆನಿಗಳು ಒಂದುಗೂಡಿ ಅಸೋಸಿಯೇಟೆಡ್ ಸಿಮೆಂಟ್ ಕಂಪೆನೀಸ್ ಎಂದಾದಾಗ, ಅದರಲ್ಲಿ ಲೀನವಾಯಿತು. ಜನರ ಬಾಯಲ್ಲಿ ಅದು ಎಸಿಸಿ. ಕ್ರಮೇಣ ಸಿಮೆಂಟ್ ಯಂತ್ರಗಳನ್ನೂ ಬಾಯ್ಲರುಗಳನ್ನೂ ತಯಾರಿಸುವ ಕಾರ್ಖಾನೆಯೂ ಪಕ್ಕದಲ್ಲಿ ಬೆಳೆದು, ಶಹಾಬಾದವು ನಿಜಾಮರ ಸೀಮೆಯ ಕನ್ನಡ ಜಿಲ್ಲೆಗಳಲ್ಲಿ ಕೈಗಾರಿಕೆಯ ಪಟ್ಟಣವೆಂದು ಹೆಸರಾಯಿತು. ಕಾರ್ಖಾನೆಯ ಸೈರನ್ನಿಗೆ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಊರಿನಲ್ಲಿ ಕಾಲೊನಿಯ ಒಳಗೆ ದವಾಖಾನೆ, ಹೊರಗೆ ಬಜಾರು. ಒಳಗಿನವನಿಗೆ ವೈದ್ಯನಿದ್ದನು, ಹೊರಗಿನವನು ಹಣ ತೆತ್ತು ಬಲ್ಲವನನ್ನು ಹುಡುಕಬೇಕಾಗಿತ್ತು.

ಈ ಒಳಹೊರಗಿನ ಭೇದವನ್ನು ಕಾಯಿದೆಯ ಮೂಲಕ ವಿಶಾಲಗೊಳಿಸುವ ಪ್ರಯತ್ನವೇ ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ. ಅದರ ಹಿಂದೆ ಒಂದು ಲೋಕಚರಿತ್ರೆಯಿದೆ. ಜರ್ಮನಿಯಲ್ಲಿ ಬಿಸ್ಮಾರ್ಕನು 1883ರಲ್ಲಿ ಕಾರ್ಮಿಕರಿಗೆ ಕಡ್ಡಾಯವಾದ ಕಾಯಿಲೆ ವಿಮೆಯನ್ನು ವಿಧಿಸಿದನು. ಇಂಗ್ಲೆಂಡು 1911ರ ರಾಷ್ಟ್ರೀಯ ವಿಮಾ ಕಾಯಿದೆಯಿಂದ, ಪ್ರತಿ ಪ್ರದೇಶದಲ್ಲಿಯೂ ವಿಮೆಯ ಕೆಲಸಕ್ಕೆ ಒಪ್ಪಿದ ವೈದ್ಯರ ಪಟ್ಟಿಯೊಂದನ್ನು ಸಿದ್ಧಪಡಿಸಿ, ಆ ಪಟ್ಟಿಯೊಳಗಿಂದ ಕಾರ್ಮಿಕನು ತನ್ನ ವೈದ್ಯನನ್ನು ಆರಿಸಿಕೊಳ್ಳುವ ಪದ್ಧತಿಯನ್ನು ತಂದಿತು. ಪ್ಯಾನೆಲ್ ಡಾಕ್ಟರೆಂಬ ಹೆಸರು ಅಲ್ಲಿಂದ ಹೊರಟು ನಮ್ಮ ದೇಶಕ್ಕೂ ಬಂತು. ಎರಡನೆಯ ಮಹಾಯುದ್ಧದ ನಡುವೆ ಭಾರತ ಸರ್ಕಾರವು ಪ್ರೊಫೆಸರ್ ಬಿ. ಪಿ. ಅಡಾರ್‌ಕರ್ ಅವರಿಗೆ ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆಯನ್ನು ತಯಾರಿಸುವಂತೆ ಹೇಳಿತು. 1944ರಲ್ಲಿ ಅವರು ಒಪ್ಪಿಸಿದ ವರದಿಯ ಆಧಾರದ ಮೇಲೆ 1948ರಲ್ಲಿ ಕಾಯಿದೆಯಾಯಿತು. 1952ರ ಫೆಬ್ರವರಿಯಲ್ಲಿ ಕಾನ್ಪುರ ಮತ್ತು ದೆಹಲಿಗಳಲ್ಲಿ ಅದು ಕಾರ್ಯಾರಂಭ ಮಾಡಿ, 1958ರಲ್ಲಿ ಬೆಂಗಳೂರಿಗೆ ಬಂದು, ತರುವಾಯ ಉತ್ತರದ ಜಿಲ್ಲೆಗಳ ಕಾರ್ಖಾನೆಯ ಊರುಗಳಿಗೂ ಹಬ್ಬಿತು. ಶಹಾಬಾದದಲ್ಲಿ ಇಎಸ್‌ಐ ಆಸ್ಪತ್ರೆಯೇ ಎದ್ದಿತು. ರಾಜ್ಯದಲ್ಲಿ ಅಂಥ ಆಸ್ಪತ್ರೆಗಳು ಬೆರಳೆಣಿಕೆಯಷ್ಟೇ ಇದ್ದು, ಅವುಗಳಲ್ಲೊಂದು ಈ ಸಣ್ಣ ಪಟ್ಟಣಕ್ಕೆ ದೊರೆತುದು ಅದರ ಚಿಮಣಿಗಳ ಮಹಿಮೆಯಿಂದ.

ಆದರೆ ಕಾಯಿದೆಯ ಗೆರೆಗಳನ್ನು ಗಮನಿಸಬೇಕು. ತಿಂಗಳಿಗೆ 400 ರೂಪಾಯಿಗಿಂತ ಹೆಚ್ಚು ಸಂಬಳವಿದ್ದವನು ಮೊದಲ ಕಾಯಿದೆಯ ಪ್ರಕಾರ ಅದರ ಹೊರಗೆ. ಆ ಮಿತಿ ಕಾಲಕಾಲಕ್ಕೆ ಏರುತ್ತ 2017ರಲ್ಲಿ 21,000 ರೂಪಾಯಿಗೆ ಬಂದು ನಿಂತಿತು. ಗಣಿ ಕಾಯಿದೆಗೆ ಒಳಪಟ್ಟ ಗಣಿಯನ್ನು ಇಎಸ್‌ಐ ಕಾಯಿದೆಯು ಕಾರ್ಖಾನೆಯೆಂದು ಗಣಿಸಲಿಲ್ಲ. ಹೀಗಾಗಿ ಸಿಮೆಂಟ್ ಚೀಲ ಹೊರುವವನು ಒಳಗಾದನು, ಆ ಸಿಮೆಂಟಿಗೆ ಮೂಲವಾದ ಕಲ್ಲನ್ನು ಅಗೆಯುವವನು ಹೊರಗುಳಿದನು. ಅವನಿಗಾಗಿ 1972ರಲ್ಲಿ ಸುಣ್ಣಕಲ್ಲು ಮತ್ತು ಡಾಲಮೈಟ್ ಗಣಿ ಕಾರ್ಮಿಕರ ಕಲ್ಯಾಣನಿಧಿಯ ಕಾಯಿದೆ ಬಂತಾದರೂ, ಅದರ ಕರವು ಸಿಮೆಂಟ್, ಕಬ್ಬಿಣ, ಉಕ್ಕುಗಳ ಕಾರ್ಖಾನೆಗಳಿಗೆ ಹೋಗುವ ಕಲ್ಲಿನ ಮೇಲೆ ಕುಳಿತಿತ್ತು; ನೆಲಕ್ಕೆ ಹಾಸುವ ಫರಸಿಯನ್ನು ಎಬ್ಬಿಸಿ, ಅಂಚು ಕಡಿದು, ಪಾಲಿಶ್ ಮಾಡಿ ಲಾರಿಗೆ ಏರಿಸುವ ಸಣ್ಣ ಖಣಿಯ ಕೂಲಿಯವನನ್ನು ಯಾವ ನಿಧಿಯೂ ತನ್ನವನೆಂದು ಕೈಹಿಡಿದು ಕರೆಯಲಿಲ್ಲ. ಆ ಕರವೂ ಜಿಎಸ್‌ಟಿಯ ಕಾಲಕ್ಕೆ ರದ್ದಾಯಿತು. ಶಹಾಬಾದದ ಹೆಸರನ್ನು ದೂರದೂರದ ಊರುಗಳಿಗೆ ಒಯ್ದ ಕಸುಬಿನವರೇ ಶಹಾಬಾದದ ವಿಮೆಯ ಪಟ್ಟಿಗೆ ಅಪರಿಚಿತರಾದುದು ಈ ಇತಿಹಾಸದ ಮೊದಲ ವಿಪರ್ಯಾಸ.

ಇನ್ನು ವೃದ್ಧರ ವಿಷಯ. ಐದು ವರ್ಷಕ್ಕೆ ಕಡಮೆಯಿಲ್ಲದಂತೆ ವಿಮೆಯಲ್ಲಿದ್ದು ನಿವೃತ್ತಿಯ ವಯಸ್ಸಿಗೆ ಸೇವೆಯಿಂದ ಬಿಡುಗಡೆ ಹೊಂದಿದ ಕಾರ್ಮಿಕನು, ತಿಂಗಳಿಗೆ 10 ರೂಪಾಯಿಯ ಲೆಕ್ಕದಲ್ಲಿ ವರ್ಷಕ್ಕೆ 120 ರೂಪಾಯಿ ಒಟ್ಟಿಗೆ ಕಟ್ಟಿದರೆ, ತನಗೂ ತನ್ನ ಬಾಳಸಂಗಾತಿಗೂ ಇಎಸ್‌ಐ ವೈದ್ಯಸೌಲಭ್ಯವನ್ನು ಪಡೆಯಬಹುದೆಂಬ ನಿಯಮವಿದೆ. ಇಷ್ಟು ಅಗ್ಗವಾದ, ವಯಸ್ಸಿನ ಮೇಲ್ಮಿತಿಯಿಲ್ಲದ, ಹಳೆಯ ರೋಗವುಂಟೆ ಎಂದು ಕೇಳದ ವೃದ್ಧವಿಮೆ ನಮ್ಮ ದೇಶದಲ್ಲಿ ವಿರಳ. ಈ ನಿಯಮವನ್ನು ಬರೆದವರ ಔದಾರ್ಯವನ್ನು ಮೆಚ್ಚಲೇಬೇಕು. ಆದರೂ ಅದರ ಬೆಲೆಯೆಲ್ಲ ಒಂದು ಷರತ್ತಿನ ಮೇಲೆ ನಿಂತಿದೆ: ಕಾರ್ಮಿಕನು ಮುಪ್ಪನ್ನು ಕಳೆಯುವ ಊರಿನಲ್ಲಿ ಇಎಸ್‌ಐ ವೈದ್ಯನೂ ಉಳಿದಿರಬೇಕು. ವೈದ್ಯನು ಬಂದುದು ದುಡಿಯುವವರ ಸಂಖ್ಯೆಯನ್ನು ನೋಡಿ. ದುಡಿಯುವವರು ಕಡಮೆಯಾದಂತೆ ಅವನು ಹೊರಡುತ್ತಾನೆ. ನಿವೃತ್ತರ ಸಂಖ್ಯೆ ಎಷ್ಟು ಹೆಚ್ಚಿದರೂ ಅದು ಅವನನ್ನು ಹಿಡಿದು ನಿಲ್ಲಿಸಲಾರದು.

ಶಹಾಬಾದದಲ್ಲಿ ನಡೆದುದು ಇದೇ. ಹಳೆಯ ಸಿಮೆಂಟ್ ಕಾರ್ಖಾನೆಯು 1990ರ ದಶಕದಲ್ಲಿ ಕೈಬದಲಾಗಿ ಕಡೆಗೆ ನಿಂತುಹೋಯಿತು. ಸೇಡಂ ತಾಲ್ಲೂಕಿನ ಕುರಕುಂಟಾದಲ್ಲಿದ್ದ ಸಿಮೆಂಟ್ ಕಾರ್ಪೊರೇಷನ್ ಆಫ್ ಇಂಡಿಯಾದ ಘಟಕವೂ ಅದೇ ದಶಕದ ಕೊನೆಗೆ ಮುಚ್ಚಿತು. ನಿವೃತ್ತಿಯ ವಯಸ್ಸಿಗೆ ಇನ್ನೂ ಏಳೆಂಟು ವರ್ಷ ಬಾಕಿಯಿರುವಾಗ ಕೆಲಸ ಕಳೆದುಕೊಂಡವನು ನಿವೃತ್ತನೂ ಅಲ್ಲ, ಕಾರ್ಮಿಕನೂ ಅಲ್ಲವೆಂಬಂಥ ಅವಸ್ಥೆಗೆ ಸಿಕ್ಕಿದನು. ಚಂದಾ ನಿಂತ ಕೆಲವು ತಿಂಗಳವರೆಗೆ ನಡೆಯುವ ಸೌಲಭ್ಯ ಮುಗಿದ ಮೇಲೆ, ದವಾಖಾನೆಯ ಬಾಗಿಲಲ್ಲಿ ಅವನ ಹಳೆಯ ಚೀಟಿ ಬರಿಯ ಕಾಗದವಾಯಿತು. ಊರಿನ ಇಎಸ್‌ಐ ಆಸ್ಪತ್ರೆಯೂ ವಿಮೆಯ ರೋಗಿಗಳು ಕರಗಿದಂತೆ ಬಳಕೆ ತಪ್ಪುತ್ತ ನಿರುಪಯುಕ್ತವಾಗುತ್ತ ಬಂತು. ಇತ್ತ ಸಿಮೆಂಟಿನ ಉದ್ಯಮವೇನೂ ಕ್ಷೀಣಿಸಿರಲಿಲ್ಲ. ವಾಡಿಯಲ್ಲಿ 1968ರಿಂದ ಎಸಿಸಿಯ ದೊಡ್ಡ ಕಾರ್ಖಾನೆ, 1980ರ ದಶಕದಿಂದ ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ, ತರುವಾಯ ಚಿತ್ತಾಪುರ ಚಿಂಚೋಳಿಗಳ ಹೊಸ ಘಟಕಗಳು – ಹೀಗೆ ಕಲ್ಲನ್ನು ಸುಡುವ ಬೆಂಕಿ ಜಾಗ ಬದಲಿಸಿತೇ ಹೊರತು ಆರಲಿಲ್ಲ. ಆದರೆ ಹೊಸ ಯಂತ್ರಗಳಿಗೆ ಬೇಕಾದ ಕೈಗಳು ಕಡಮೆ. ಇದ್ದವರಲ್ಲಿಯೂ ಗುತ್ತಿಗೆಯವರು ಬಹಳ. ಹಳೆಯ ಕಾಲೊನಿಯಂತೆ ಊರನ್ನೇ ತನ್ನ ಸುತ್ತ ಕಟ್ಟಿಕೊಳ್ಳುವ ಪದ್ಧತಿ ಮತ್ತೆ ಬರಲಿಲ್ಲ. 2013ರಿಂದ ಕಲಬುರಗಿಯ ಸೇಡಂ ರಸ್ತೆಯಲ್ಲಿ ಇಎಸ್‌ಐ ನಿಗಮದ ಭವ್ಯವಾದ ವೈದ್ಯಕೀಯ ಕಾಲೇಜು ನಡೆಯುತ್ತಿದೆಯಷ್ಟೆ. ಆ ರಸ್ತೆಯ ಹೆಸರು ಸೇಡಂ ಆದರೂ ಸೇಡಂನಿಂದ ಅದು 50 ಕಿಲೋಮೀಟರಿನ ಆಸುಪಾಸಿನ ದೂರ, ಚಿಂಚೋಳಿಯಿಂದ 80ಕ್ಕೂ ಮಿಗಿಲು. ದವಾಖಾನೆ ಚಿಕ್ಕದಾಗಿದ್ದರೂ ಬಳಿಯಲ್ಲಿದ್ದ ಕಾಲದಿಂದ, ಆಸ್ಪತ್ರೆ ದೊಡ್ಡದಾಗಿದ್ದು ದೂರವಾದ ಕಾಲಕ್ಕೆ ಈ ಸೀಮೆಯ ವೃದ್ಧನು ಬಂದು ನಿಂತನು.

ಮತ್ತೊಂದು ಗೆರೆಯನ್ನು ರಾಜ್ಯಗಳ ಪುನರ್ವಿಂಗಡಣೆ ಎಳೆಯಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿದಾಗ, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಮಾತ್ರ ಆಂಧ್ರಪ್ರದೇಶಕ್ಕೆ ಹೋದುವು. ಭಾಷೆಯ ದೃಷ್ಟಿಯಿಂದ ಅದು ಯುಕ್ತವೇ ಆಗಿದ್ದಿರಬಹುದು. ಆದರೆ ಸೇಡಂ ಚಿತ್ತಾಪುರಗಳ ರೋಗಿಗಳು ಅಷ್ಟರಲ್ಲಿ ಎಂಬತ್ತು ವರ್ಷಗಳಿಂದ ತಾಂಡೂರಿನ ಹಾದಿಯಲ್ಲಿ ಹೈದರಾಬಾದಿಗೆ ಹೋಗುವ ಅಭ್ಯಾಸದವರು. ಮೂಸಿ ನದಿಯ ದಂಡೆಯ ಉಸ್ಮಾನಿಯಾ ಆಸ್ಪತ್ರೆಯ ಭವನ 1925ರಲ್ಲಿ ಮುಗಿದ ಕಾಲದಿಂದಲೂ ‘ದೊಡ್ಡ ದವಾಖಾನಿ’ ಎಂದರೆ ಅದೇ ಎಂಬ ಭಾವನೆ ಇಲ್ಲಿಯ ಹಿರಿಯರಲ್ಲಿ ಬೇರೂರಿತ್ತು. ವಿಮೆಯ ಯೋಜನೆಗಳು ರಾಜ್ಯ ಸರ್ಕಾರಗಳ ಕೈಗೆ ಬಂದಾಗ ಈ ಹಳೆಯ ಗೆರೆ ಹೊಸ ಅರ್ಥವನ್ನು ಪಡೆಯಿತು. ಆಂಧ್ರದ ಆರೋಗ್ಯಶ್ರೀ ಯೋಜನೆಯು 2007ರ ಏಪ್ರಿಲಿನಲ್ಲಿ ಮೊದಲು ಆರಂಭವಾದ ಮೂರು ಜಿಲ್ಲೆಗಳಲ್ಲಿ ಮಹಬೂಬನಗರವೂ ಒಂದು; ಕೊಡಂಗಲ್ ಆಗ ಆ ಜಿಲ್ಲೆಯಲ್ಲಿತ್ತು. ಒಂದು ಕಾಲಕ್ಕೆ ಒಂದೇ ಜಿಲ್ಲೆಯವರಾಗಿದ್ದು, ಮದುವೆ ಮುಂಜಿಗಳಲ್ಲಿ ಇಂದಿಗೂ ಒಬ್ಬರ ಮನೆಗೊಬ್ಬರು ಹೋಗಿಬರುವ ಎರಡು ಊರುಗಳ ನಡುವೆ, ಹೃದಯದ ಶಸ್ತ್ರಚಿಕಿತ್ಸೆ ಒಬ್ಬನಿಗೆ ಬಿಟ್ಟಿಯಾಗಿಯೂ ಇನ್ನೊಬ್ಬನಿಗೆ ಹೊಲ ಮಾರಿಯೂ ದೊರೆಯುವ ಅಂತರ ಕೆಲವು ವರ್ಷಗಳ ಕಾಲ ಉಂಟಾಯಿತು.

ಆ ಅಂತರವನ್ನು ತುಂಬಿದುದು ಕರ್ನಾಟಕದ ವಾಜಪೇಯಿ ಆರೋಗ್ಯಶ್ರೀ ಯೋಜನೆ. 2010ರಲ್ಲಿ ಅದು ರಾಜ್ಯದಲ್ಲಿ ಎಲ್ಲಕ್ಕಿಂತ ಮೊದಲು ಗುಲಬರ್ಗಾ ವಿಭಾಗದಲ್ಲಿ ಆರಂಭವಾಯಿತು; ಹಿಂದುಳಿದ ವಿಭಾಗಕ್ಕೆ ಮೊದಲ ಪಂಕ್ತಿ ದೊರೆತ ಅಪರೂಪದ ಪ್ರಸಂಗವದು. ಪ್ರಾದೇಶಿಕ ಅಸಮತೋಲನವನ್ನು ಪರಿಶೀಲಿಸಿದ ನಂಜುಂಡಪ್ಪ ಸಮಿತಿಯು 2002ರಲ್ಲಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ 21 ಈ ಒಂದೇ ವಿಭಾಗದಲ್ಲಿದ್ದುದನ್ನು ನೆನೆದರೆ ಆ ಆಯ್ಕೆಯ ಔಚಿತ್ಯ ತಿಳಿಯುತ್ತದೆ. ಬಡತನದ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಅರ್ಬುದ, ಮೂತ್ರಪಿಂಡದ ರೋಗ ಮೊದಲಾದ ಮಹಾವ್ಯಾಧಿಗಳ ಚಿಕಿತ್ಸೆಗೆ ಒಂದೂವರೆ ಲಕ್ಷ ರೂಪಾಯಿ, ಅಗತ್ಯಬಿದ್ದರೆ ಇನ್ನೂ ಐವತ್ತು ಸಾವಿರ. ಇಲ್ಲಿ ಗಮನಿಸಬೇಕಾದುದು ಆ ಯೋಜನೆ ಪಟ್ಟಿಯ ಕೊರತೆಯನ್ನು ನಿವಾರಿಸಿಕೊಂಡ ಬಗೆ. ಪಟ್ಟಿಯ ಆಸ್ಪತ್ರೆಗಳು ಬಹುಪಾಲು ದೂರದ ನಗರಗಳಲ್ಲಿದ್ದುದರಿಂದ, ಆಸ್ಪತ್ರೆಯವರೇ ಹಳ್ಳಿಗಳ ಕಡೆಗೆ ಬಂದು ಶಿಬಿರಗಳನ್ನು ಹೂಡಿ, ರೋಗಿಗಳನ್ನು ಪರೀಕ್ಷಿಸಿ, ಬೇಕಾದವರನ್ನು ಕರೆದೊಯ್ಯಬೇಕೆಂಬ ಏರ್ಪಾಡಾಯಿತು. ಯೋಜನೆಯಿದ್ದ ಉತ್ತರದ ಹಳ್ಳಿಗಳನ್ನೂ ಇನ್ನೂ ಬಾರದಿದ್ದ ನೆರೆಯ ಹಳ್ಳಿಗಳನ್ನೂ ಹೋಲಿಸಿ ನಡೆಸಿದ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಸಂಶೋಧನೆಯೊಂದು, ಯೋಜನೆಗೆ ಒಳಪಟ್ಟ ರೋಗಗಳಿಂದಾಗುವ ಮರಣಪ್ರಮಾಣವು ಬಡಕುಟುಂಬಗಳಲ್ಲಿ ಶೇಕಡಾ 64ರಷ್ಟು ಕಡಮೆಯಿತ್ತೆಂದು ತೋರಿಸಿತು. ವೈದ್ಯನು ರೋಗಿಯತ್ತ ನಡೆದುಬಂದುದರ ಪಾಲು ಆ ಫಲದಲ್ಲಿ ಅಲ್ಪವಲ್ಲವೆಂದು ನನ್ನ ಅಭಿಮತ.

ಇದೇ ಕಾಲದ ಆಸುಪಾಸಿನಲ್ಲಿ ಬೇರೆ ಬೇರೆ ಬಾಗಿಲುಗಳ ಯೋಜನೆಗಳು ಹಲವು ಬಂದುವು. ಪ್ರತಿಯೊಂದರ ಹೊಸ್ತಿಲಲ್ಲಿಯೂ ವೃದ್ಧನು ಎಡವಿದನು. ಸಹಕಾರ ಸಂಘಗಳ ರೈತರಿಗಾಗಿ 2003ರಲ್ಲಿ ವರ್ಷಕ್ಕೆ 60 ರೂಪಾಯಿಯ ಚಂದಾದಿಂದ ಆರಂಭವಾದ ಯಶಸ್ವಿನಿ, ಅನೇಕ ಖಾಸಗಿ ನರ್ಸಿಂಗ್ ಹೋಮುಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡು ಜನಪ್ರಿಯವಾಯಿತು. ಅದರ ವಯೋಮಿತಿ 75. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆ 2008ರಲ್ಲಿ ಬಂತು. ಅದು 30,000 ರೂಪಾಯಿಯ ರಕ್ಷಣೆಯನ್ನು ಕುಟುಂಬದ ಐವರಿಗೆ ಮಾತ್ರ ಕೊಟ್ಟಿತು, ಅವಿಭಕ್ತ ಕುಟುಂಬದಲ್ಲಿ ಆ ಐವರನ್ನು ಹೆಸರಿಸುವ ಹೊತ್ತಿಗೆ ಅಜ್ಜ ಅಜ್ಜಿಯರ ಹೆಸರು ಉಳಿದುಹೋಗುವುದು ಸಹಜ. 2014ರ ಜ್ಯೋತಿ ಸಂಜೀವಿನಿಯು ರಾಜ್ಯ ಸರ್ಕಾರಿ ನೌಕರನನ್ನು ಸೇವೆಯಲ್ಲಿರುವವರೆಗೆ ಕಾಯಿತು. ಮೂವತ್ತು ವರ್ಷ ಪಾಠ ಹೇಳಿ ಪಿಂಚಣಿಗೆ ಬಂದ ಚಿತ್ತಾಪುರದ ಮೇಷ್ಟರನ್ನು, ಅವರಿಗೆ ಅದು ಅತ್ಯಂತ ಅಗತ್ಯವಾದ ವಯಸ್ಸಿನಲ್ಲಿ, ಹೊರಗೆ ನಿಲ್ಲಿಸಿತು.

ಹಣ ತೆತ್ತು ಕೊಳ್ಳುವ ವಿಮೆಯ ಕಥೆಯೂ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಸರ್ಕಾರಿ ಸ್ವಾಮ್ಯದ ಸಾಮಾನ್ಯ ವಿಮಾ ಕಂಪೆನಿಗಳು 1986ರಲ್ಲಿ ಮೆಡಿಕ್ಲೇಮ್ ಎಂಬ ಪಾಲಿಸಿಯನ್ನು ತಂದಾಗ, ರೋಗಿಯು ತನಗೆ ಬೇಕಾದ ಆಸ್ಪತ್ರೆಯಲ್ಲಿ ಹಣ ಕಟ್ಟಿ, ರಸೀತಿ ಒಪ್ಪಿಸಿ, ಬಳಿಕ ಕಂಪೆನಿಯಿಂದ ವಸೂಲು ಮಾಡಿಕೊಳ್ಳುತ್ತಿದ್ದನು. 2001ರ ತರುವಾಯ ಮಧ್ಯಸ್ಥ ಸಂಸ್ಥೆಗಳು ಬಂದು, ಹಣ ಕೊಡದೆಯೇ ಚಿಕಿತ್ಸೆಯೆಂಬ ಕ್ಯಾಶ್‌ಲೆಸ್ ಪದ್ಧತಿ ಹರಡಿದಾಗ, ಅನುಕೂಲದ ಜೊತೆಗೇ ಪಟ್ಟಿಯೂ ಬಂತು. ವೆಚ್ಚ ಮಿತಿಮೀರಿತೆಂದು 2010ರ ಜುಲೈಯಲ್ಲಿ ಆ ಸರ್ಕಾರಿ ಕಂಪೆನಿಗಳು ಬೆಂಗಳೂರೂ ಸೇರಿದಂತೆ ದೊಡ್ಡ ನಗರಗಳಲ್ಲಿ ತಮ್ಮ ದರಕ್ಕೆ ಒಪ್ಪಿದ ಆಸ್ಪತ್ರೆಗಳನ್ನು ಮಾತ್ರ ಉಳಿಸಿಕೊಂಡು ಮಿಕ್ಕವನ್ನು ಕೈಬಿಟ್ಟುವು. ಈ ಕಡೆಯಿಂದ ಬೆಂಗಳೂರಿಗೆ ರೈಲು ಹತ್ತಿದ ನಿವೃತ್ತ ಬ್ಯಾಂಕ್ ಗುಮಾಸ್ತನೂ ವರ್ತಕನೂ, ಹೋದ ವರ್ಷ ನಡೆದ ಕಾರ್ಡು ಈ ವರ್ಷ ಏಕೆ ನಡೆಯದೆಂದು ಕೌಂಟರಿನಲ್ಲಿ ಕೇಳಬೇಕಾಯಿತು. ಯಾವ ಆಸ್ಪತ್ರೆಯಲ್ಲಾದರೂ ಕ್ಯಾಶ್‌ಲೆಸ್ ದೊರೆಯಬೇಕೆಂದು ವಿಮಾ ಕಂಪೆನಿಗಳ ಒಕ್ಕೂಟವೇ 2024ರ ಜನವರಿಯಲ್ಲಿ ಸಾರಿತಾದರೂ, ಅದು ಆಸ್ಪತ್ರೆಯ ಸಮ್ಮತಿಯನ್ನು ಅವಲಂಬಿಸಿದ ವ್ಯವಸ್ಥೆ.

ಇದು ನಮ್ಮಲ್ಲಿ ಮಾತ್ರವಿರುವ ವ್ಯಾಧಿಯೂ ಅಲ್ಲ. ಅಮೆರಿಕದಲ್ಲಿ ವೃದ್ಧರಿಗಾಗಿ 1965ರಲ್ಲಿ ಸ್ಥಾಪಿತವಾದ ಮೆಡಿಕೇರ್, ಆ ವಿಮೆಯನ್ನು ಒಪ್ಪುವ ಯಾವ ವೈದ್ಯನ ಬಳಿಗಾದರೂ ಹೋಗುವ ಸ್ವಾತಂತ್ರ್ಯವನ್ನು ಕೊಟ್ಟಿತ್ತು. ಅದರ ಬದಲಿಗೆ ಖಾಸಗಿ ಕಂಪೆನಿಗಳ ಮೂಲಕ ನಡೆಯುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆಗಳು ಕನ್ನಡಕ, ಹಲ್ಲಿನ ಚಿಕಿತ್ಸೆ ಮೊದಲಾದ ಹೆಚ್ಚಿನ ಸೌಲಭ್ಯಗಳನ್ನು ತೋರಿಸಿ, ವೈದ್ಯರ ಪಟ್ಟಿಯನ್ನು ಮಾತ್ರ ಕಿರಿದುಗೊಳಿಸಿದುವು. 2013ರಲ್ಲಿ ಕನೆಕ್ಟಿಕಟ್ ರಾಜ್ಯದಲ್ಲಿ ಒಂದು ಕಂಪೆನಿಯು ಎರಡು ಸಾವಿರಕ್ಕೂ ಹೆಚ್ಚು ವೈದ್ಯರನ್ನು ತನ್ನ ಪಟ್ಟಿಯಿಂದ ತೆಗೆದುಹಾಕಿದಾಗ ವೈದ್ಯರ ಸಂಘಗಳು ನ್ಯಾಯಾಲಯಕ್ಕೆ ಹೋದುವು. ಅಲ್ಲಿಯ ಮುದುಕನಿಗೂ ಇಲ್ಲಿಯ ಮುದುಕನಿಗೂ ಸಂಪತ್ತಿನಲ್ಲಿ ಅಜಗಜಾಂತರವಿದೆ. ಆದರೆ ಹತ್ತು ವರ್ಷ ತನ್ನನ್ನು ನೋಡಿದ ಡಾಕ್ಟರು ಇನ್ನು ಮುಂದೆ ತನ್ನವರಲ್ಲವೆಂಬ ಸುದ್ದಿ ಇಬ್ಬರಿಗೂ ತಡವಾಗಿಯೇ ತಲಪುತ್ತದೆ. ಅಲ್ಲಿಯವನಿಗೆ ಅದು ಅಂಚೆಯಲ್ಲಿ ಬರುತ್ತದೆ, ಇಲ್ಲಿಯವನಿಗೆ ಕೌಂಟರಿನಲ್ಲಿ.

2018ರಲ್ಲಿ ರಾಜ್ಯದ ಯೋಜನೆಗಳು ಬಹುಪಾಲು ಒಂದಾದುವು. ಮಾರ್ಚಿನಲ್ಲಿ ಆರೋಗ್ಯ ಕರ್ನಾಟಕ ಆರಂಭವಾಗಿ, ಯಶಸ್ವಿನಿ ಅದರಲ್ಲಿ ಅಡಗಿ, ಅಕ್ಟೋಬರಿನಲ್ಲಿ ಅದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಕೂಡಿತು. ರಕ್ಷಣೆಯ ಮೊತ್ತವು ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗೆ ಏರಿತು. ಹತ್ತು ವರ್ಷಗಳ ಹಿಂದಣ 30,000ದ ಪಕ್ಕದಲ್ಲಿಟ್ಟರೆ ಇದು ಅದ್ಭುತವಾದ ಏರಿಕೆ. ಅದೇ ಕಾಲದಲ್ಲಿ, ಸಾಮಾನ್ಯವಾದ ಎರಡನೆಯ ಹಂತದ ಚಿಕಿತ್ಸೆಗಳನ್ನು ಸರ್ಕಾರಿ ಆಸ್ಪತ್ರೆಗಳಿಗೆ ಮೀಸಲಿಟ್ಟು, ತುರ್ತು ಸಂದರ್ಭಗಳನ್ನುಳಿದು ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ವೈದ್ಯರ ಶಿಫಾರಸು ಚೀಟಿ ಬೇಕೆಂದು ನಿಯಮವಾಯಿತು. ಸರ್ಕಾರಿ ಆಸ್ಪತ್ರೆಯನ್ನು ಬಲಪಡಿಸುವ ಉದ್ದೇಶ ಅದರ ಹಿಂದಿದ್ದುದು ನಿಜ, ಅದು ಸ್ತುತ್ಯವೂ ಹೌದು. ಆದರೆ ಯಶಸ್ವಿನಿಯ ಪಟ್ಟಿಯಲ್ಲಿದ್ದ ಸಣ್ಣ ನರ್ಸಿಂಗ್ ಹೋಮು ಅಂದಿಗೆ ಪಟ್ಟಿಯಿಂದ ಜಾರಿತು; ತಾಲ್ಲೂಕು ಆಸ್ಪತ್ರೆಯಲ್ಲಿ ತಜ್ಞರ ಹುದ್ದೆ ತುಂಬಿದ್ದರೆ ರೋಗಿ ಬದುಕಿಕೊಂಡನು, ಖಾಲಿಯಿದ್ದರೆ ಕಲಬುರಗಿಯ ಬಸ್ಸು ಹಿಡಿದನು.

ಆ ಪ್ರಸಂಗವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೂತ್ರಕಟ್ಟಿನ ಬಾಧೆಯಿಂದ ಬಳಲುವ, ಹಿಂದೆ ಖಣಿಯಲ್ಲಿ ಫರಸಿ ಎಬ್ಬಿಸುತ್ತಿದ್ದ ಮುದುಕನೊಬ್ಬನು ಮಗನ ಮೋಟರ್‌ಸೈಕಲ್ಲಿನ ಹಿಂದೆ ಕುಳಿತು ಬಂದು, ಆಸ್ಪತ್ರೆಯ ಕೌಂಟರಿನಲ್ಲಿ ರೇಶನ್ ಕಾರ್ಡು ಆಧಾರ್ ಕಾರ್ಡುಗಳನ್ನು ಪ್ಲಾಸ್ಟಿಕ್ ಚೀಲದಿಂದ ಬಿಡಿಸಿ ಮುಂದಿಡುತ್ತಾನೆ. ಬೆರಳಚ್ಚಿನ ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪುವುದಿಲ್ಲ. ನಲವತ್ತು ವರ್ಷ ಕಲ್ಲಿನ ಅಂಚು ಹಿಡಿದ ಬೆರಳಿನಲ್ಲಿ ಗೆರೆಗಳು ಸವೆದಿರುತ್ತವೆ. ಕೈ ಒರಸಿ ಮತ್ತೆ ಒತ್ತಿಸುತ್ತಾರೆ, ಎಡಗೈಯ ಬೆರಳನ್ನೂ ನೋಡುತ್ತಾರೆ. ಅಷ್ಟಾದ ಮೇಲೆ ಕುರ್ಚಿಯಲ್ಲಿರುವ ಹುಡುಗನು ಮೆಲ್ಲನೆ, “ಅಜ್ಜಾ, ನಿಮ್ಮ ಆಪರೇಶನ್ ಈ ದವಾಖಾನಿ ಲಿಸ್ಟಿನಾಗ ಇಲ್ರಿ. ಸರ್ಕಾರಿ ದವಾಖಾನಿಗಿ ಹೋಗಿ ಚೀಟಿ ತೊಗೊಂಡು ಕಲಬುರ್ಗಿಗಿ ಹೋಗ್ಬೇಕಾಗ್ತದ” ಎನ್ನುತ್ತಾನೆ. “ಕಾರ್ಡ್ ಅದಲ್ಲೋ ತಮ್ಮಾ, ಐದು ಲಕ್ಷದ್ದು?” ಎಂದು ಮುದುಕ ಕೇಳುತ್ತಾನೆ. “ಕಾರ್ಡ್ ಅದರಿ ಅಜ್ಜಾ, ಖರೆ ಅದ” ಎಂಬುದೇ ಉತ್ತರ. ಇಬ್ಬರ ಮಾತಿನಲ್ಲಿಯೂ ಸುಳ್ಳಿಲ್ಲ. ಕಲಬುರಗಿಗೆ ಹೋಗಿಬರಲು ಮಗನ ಎರಡು ದಿನದ ಕೂಲಿ, ಬಸ್ಸಿನ ಖರ್ಚು, ಸರದಿಯಲ್ಲಿ ನಿಲ್ಲಲು ಇನ್ನೊಬ್ಬರ ನೆರವು ಬೇಕು. ಈ ಯಾವುದನ್ನೂ ಕಾರ್ಡು ಕೊಡುವುದಿಲ್ಲ. ಆದುದರಿಂದ ಮುದುಕನು ಮೂತ್ರ ಹೊರಹೋಗಲು ತೂರುನಳಿಕೆ (ಕ್ಯಾಥೆಟರ್) ಹಾಕಿಸಿಕೊಂಡು ಮನೆಗೆ ಮರಳುತ್ತಾನೆ. ಸುಗ್ಗಿ ಮುಗಿಯಲೆಂದು ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಾರೆ.

ಪಟ್ಟಿ ಕುಗ್ಗಲು ಯಾರದೋ ದುರುದ್ದೇಶವೇ ಬೇಕೆಂದಿಲ್ಲ. ಯೋಜನೆಯು ಪ್ರತಿ ಚಿಕಿತ್ಸೆಗೂ ಒಂದು ದರವನ್ನು ಗೊತ್ತುಮಾಡುತ್ತದೆ. ಔಷಧದ ಬೆಲೆಯೂ ದಾದಿಯರ ಸಂಬಳವೂ ಏರಿದರೂ ದರ ವರ್ಷಗಟ್ಟಲೆ ನಿಂತಲ್ಲಿಯೇ ನಿಲ್ಲುತ್ತದೆ. ಬಿಲ್ಲು ಪಾಸಾಗಿ ಹಣ ಕೈಸೇರಲು ತಿಂಗಳುಗಳು ಹಿಡಿಯುತ್ತವೆ. ದೊಡ್ಡ ಆಸ್ಪತ್ರೆ ಈ ಹೊರೆಯನ್ನು ಹೊತ್ತೀತು, ಇಲ್ಲವೇ ಲಾಭವಿಲ್ಲದ ಚಿಕಿತ್ಸೆಗೆ ಹಾಸಿಗೆ ಖಾಲಿಯಿಲ್ಲವೆಂದೀತು. ತಾಲ್ಲೂಕು ಊರಿನಲ್ಲಿ ಗಂಡ ಹೆಂಡತಿ ಇಬ್ಬರೇ ಡಾಕ್ಟರಾಗಿ ನಡೆಸುವ ಹತ್ತು ಹಾಸಿಗೆಯ ನರ್ಸಿಂಗ್ ಹೋಮು ಹೊರಲಾರದು, ಹೊರಬಂದುಬಿಡುತ್ತದೆ. ವೃದ್ಧನ ಚಿಕಿತ್ಸೆಯ ವಿಷಯದಲ್ಲಿ ಇದು ಇಮ್ಮಡಿ ಕಠಿಣ. ಅವನಿಗೆ ಒಂದು ರೋಗದ ಜೊತೆಗೆ ಸಕ್ಕರೆ, ರಕ್ತದೊತ್ತಡ, ದಮ್ಮು ಇದ್ದೇ ಇರುತ್ತವೆ. ಮೂರು ದಿನದ ದರಕ್ಕೆ ಏಳು ದಿನ ಹಾಸಿಗೆ ಬೇಕಾಗುತ್ತದೆ. ಹೀಗೆ ಪಟ್ಟಿಯಿಂದ ಮೊದಲು ಅಳಿಯುವುದು ಹತ್ತಿರದ ಹೆಸರು, ಕೊನೆಗೆ ಉಳಿಯುವುದು ದೂರದ ಹೆಸರು.

2024ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆದಾಯದ ಭೇದವೆಣಿಸದೆ 70 ವರ್ಷ ತುಂಬಿದ ಎಲ್ಲರಿಗೂ 5 ಲಕ್ಷ ರೂಪಾಯಿಯ ರಕ್ಷಣೆಯನ್ನು ವಿಸ್ತರಿಸಿತು. ಅದೇ ವರ್ಷದ ಏಪ್ರಿಲಿನಿಂದ ಖಾಸಗಿ ಪಾಲಿಸಿಯನ್ನು ಹೊಸದಾಗಿ ಕೊಳ್ಳಲು ಇದ್ದ 65ರ ವಯೋಮಿತಿಯೂ ಹೋಯಿತು. ನಮ್ಮ ದೇಶದ ಚರಿತ್ರೆಯಲ್ಲಿ ಮೊದಲ ಬಾರಿಗೆ, ವೃದ್ಧನು ಸಂಬಳ, ಕಾರ್ಖಾನೆ, ಸಹಕಾರ ಸಂಘ, ಬಡತನದ ರೇಖೆ ಯಾವುದನ್ನೂ ತೋರಿಸದೆ, ವೃದ್ಧನೆಂಬ ಒಂದೇ ಕಾರಣದಿಂದ ವಿಮೆಗೆ ಅರ್ಹನಾದನು. ಇದು ಸಣ್ಣ ಸಾಧನೆಯಲ್ಲ. ಆದರೆ ಶಹಾಬಾದದ ಅನುಭವವು ಕಲಿಸುವ ಪಾಠವನ್ನು ಈ ಸಂತೋಷದ ನಡುವೆ ಮರೆಯಬಾರದು. 10 ರೂಪಾಯಿಯ ಇಎಸ್‌ಐ ವೃದ್ಧವಿಮೆಯ ನಿಯಮವನ್ನು ಯಾರೂ ರದ್ದುಮಾಡಲಿಲ್ಲ, ಅದು ಇಂದಿಗೂ ಪುಸ್ತಕದಲ್ಲಿದೆ. ಅದನ್ನು ನಿಷ್ಫಲಗೊಳಿಸಲು ಊರಿನ ದವಾಖಾನೆ ಬಳಕೆತಪ್ಪಿದುದಷ್ಟೇ ಸಾಕಾಯಿತು.

ಹಾಗಾದರೆ ಮಾಡತಕ್ಕದ್ದೇನು? ಈ ಸೀಮೆಯ ಚರಿತ್ರೆಯಿಂದಲೇ ನಾಲ್ಕು ಸೂಚನೆಗಳು ದೊರೆಯುತ್ತವೆ. ತಾಲ್ಲೂಕಿಗೆ ಕನಿಷ್ಠ ಇಷ್ಟು ವೈದ್ಯರು, ಇಂಥಿಂಥ ಚಿಕಿತ್ಸೆಗೆ ಇಷ್ಟು ಕಿಲೋಮೀಟರಿನೊಳಗೆ, ಇರಲೇಬೇಕೆಂಬ ನಿಯಮವನ್ನು ಮೊತ್ತದಷ್ಟೇ ದಪ್ಪಕ್ಷರಗಳಲ್ಲಿ ಕಾರ್ಡಿನ ಮೇಲೆ ಮುದ್ರಿಸಬೇಕು. ಸೇಡಂನ ಸರ್ಕಾರಿ ಆಸ್ಪತ್ರೆಯಲ್ಲಿ ತಜ್ಞನಿಲ್ಲದ ದಿನಗಳಲ್ಲಿ ಚೀಟಿಯ ನಿಯಮವನ್ನು ತಾನಾಗಿಯೇ ಸಡಿಲಿಸಿ, ರೈಲಿನ ಹಳೆಯ ದಾರಿ ಹಿಡಿದು ಗಡಿಯಾಚೆಗೆ ಹೋಗುವವನನ್ನೂ ಅಪರಾಧಿಯಂತೆ ಕಾಣದಿರಬೇಕು. ವಾಜಪೇಯಿ ಆರೋಗ್ಯಶ್ರೀಯ ಮೊದಲ ವರ್ಷಗಳಲ್ಲಿ ಶಿಬಿರಗಳು ಹಳ್ಳಿಗೆ ಬಂದಂತೆ, 70 ದಾಟಿದವರಿಗಾಗಿ ತಜ್ಞರು ಚಿಂಚೋಳಿಯ ತಾಂಡಾಗಳಿಗೂ ಶಹಾಬಾದದ ಖಣಿಯ ಓಣಿಗಳಿಗೂ ನಿಯತಕಾಲದಲ್ಲಿ ಬರಬೇಕು. ಕೊನೆಯದಾಗಿ, ಯಾವ ಆಸ್ಪತ್ರೆ ಯಾವ ದಿನ ಯಾವ ಕಾರಣಕ್ಕೆ ಪಟ್ಟಿಯಿಂದ ಹೊರಬಂತು ಎಂಬುದನ್ನು ಪ್ರತಿ ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ, ಹೊರಬರುವ ಮೂರು ತಿಂಗಳ ಮೊದಲೇ, ಕನ್ನಡದಲ್ಲಿ ಬರೆದು ಹಚ್ಚಬೇಕು. ಪಡಿತರ ಅಂಗಡಿಯ ದಾಸ್ತಾನನ್ನು ಫಲಕದ ಮೇಲೆ ಬರೆಯಿಸುವ ಸರ್ಕಾರಕ್ಕೆ ವೈದ್ಯರ ದಾಸ್ತಾನನ್ನು ಬರೆಯಿಸುವುದು ಅಸಾಧ್ಯವೇನಲ್ಲ. ಬರೆದುದನ್ನು ಓದಿಸಿಕೊಂಡು ಕೇಳುವ ಹಕ್ಕು ಒಮ್ಮೆ ಬಂದರೆ, ಹೆಸರು ಅಳಿಸುವ ಕೈಯೂ ಎರಡು ಸಲ ಯೋಚಿಸುತ್ತದೆ.